ಕಣ್ಣಿಗೆ ಕಾಣದ ನೆತ್ತಿಯ ಉರಿ

ಪ್ರಶ್ನೆ: ನನಗೆ 34 ವರ್ಷ. ಏಳೆಂಟು ತಿಂಗಳಿಂದ ನೆತ್ತಿಯಲ್ಲಿ ಒಂಥರಾ ಉರಿ, ಚುರುಚುರು. ಸಂಜೆ ಜುಟ್ಟು ಬಿಚ್ಚಿದರೆ ಕೂದಲಿನ ಬುಡವೇ ನೋಯುತ್ತದೆ. ತಲೆಹೊಟ್ಟು ಇರಬೇಕೆಂದು ಅದರ ಶಾಂಪೂ ತಂದೆ, ಉರಿ ಜಾಸ್ತಿಯಾಯಿತು. ಆಮೇಲೆ ‘ಸೌಮ್ಯ’ ಎಂದು ಬರೆದಿದ್ದ ಎರಡು ಬಗೆ, ಒಂದು ಸೀರಮ್, ತಂಪಾಗಲೆಂದು ಪುದೀನ ಎಣ್ಣೆ, ಎಲ್ಲ ಆಯಿತು. ಚರ್ಮದ ಡಾಕ್ಟರು ನೋಡಿ ‘ಏನೂ ಇಲ್ಲವಲ್ಲ’ ಎಂದರು. ಮನೆಯಲ್ಲಿ ‘ಎಲ್ಲ ನಿನ್ನ ಭ್ರಮೆ’ ಅನ್ನುತ್ತಾರೆ. ಭ್ರಮೆಯೇ?

ಉತ್ತರ: ಅಲ್ಲ. ಮೊದಲು ಈ ಮಾತನ್ನು ಮನೆಯವರಿಗೂ ಓದಿ ಹೇಳಿ. ನೆತ್ತಿಯಲ್ಲಿ ಒಂದೊಂದು ಕೂದಲಿನ ಬುಡಕ್ಕೂ ನರದ ಎಳೆಗಳು ಸುತ್ತಿಕೊಂಡಿರುತ್ತವೆ. ಅವು ಸಣ್ಣದಕ್ಕೂ ಸಿಡಿಮಿಡಿಗೊಳ್ಳುವ ಸ್ಥಿತಿಗೆ ಬಂದರೆ ಉರಿ, ತುರಿಕೆ, ಬಿಗಿತ ಎಲ್ಲ ಇರುತ್ತದೆ. ಬೈತಲೆ ತೆಗೆದು ನೋಡಿದರೆ ಚರ್ಮ ಮಾತ್ರ ಸಾಧುವಾಗಿ ಕೂತಿರುತ್ತದೆ. ಹೆಚ್ಚೆಂದರೆ ಕೊಂಚ ಕೆಂಪು. ಇದನ್ನೇ ಸೂಕ್ಷ್ಮ ನೆತ್ತಿ ಅನ್ನುವುದು. ನಿಮ್ಮ ಡಾಕ್ಟರು ಹೇಳಿದ್ದರಲ್ಲಿ ಅರ್ಧ ಸರಿ. ತಲೆಹೊಟ್ಟಾಗಿದ್ದರೆ ಭುಜದ ಮೇಲೆ ಬಿಳಿ ಪುಡಿ ಉದುರುತ್ತಿತ್ತು. ಅದೇ ಜೋರಾದರೆ ಹಳದಿ, ಜಿಡ್ಡು ಹಕ್ಕಳೆ. ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲೂ ಕಾಣುತ್ತದೆ. ಸೋರಿಯಾಸಿಸ್ ಆಗಿದ್ದರೆ ಬೆಳ್ಳಿಯಂಥ ದಪ್ಪ ಪದರ, ಎಷ್ಟೋ ಸಲ ಹಣೆಯ ಅಂಚು ದಾಟಿ ಬಂದಿರುತ್ತದೆ. ಇವು ಯಾವುದೂ ನಿಮಗಿಲ್ಲ.

ಈಗ ಗಡಿಯಾರ ನೋಡಿ. ನನ್ನ ಹತ್ತಿರ ಬರುವವರಿಗೆಲ್ಲ ನಾನು ಮೊದಲು ಕೇಳುವುದು ‘ಏನು ಹಚ್ಚಿದಿರಿ’ ಎಂದಲ್ಲ, ‘ಹಚ್ಚಿ ಎಷ್ಟು ಹೊತ್ತಿಗೆ ಶುರುವಾಯಿತು’ ಎಂದು. ಶಾಂಪೂ ಹಾಕಿದ ಕೆಲವೇ ನಿಮಿಷದಲ್ಲಿ ಉರಿದರೆ ಅದು ಕೆರಳಿಕೆ. ಒಂದರಿಂದ ಮೂರು ದಿನ ಬಿಟ್ಟು ತುರಿಕೆ, ಊತ ಬಂದರೆ ಅಲರ್ಜಿಯ ಅನುಮಾನ. ಅಲರ್ಜಿಗೆ ಇನ್ನೊಂದು ಚಾಳಿಯಿದೆ: ತಲೆಗೆ ಹಚ್ಚಿದ್ದರ ಫಲ ರೆಪ್ಪೆ, ಕಿವಿ, ಕತ್ತಿನಲ್ಲಿ ಕಾಣಿಸುತ್ತದೆ, ನೊರೆ ಇಳಿದು ಹೋಗುವ ದಾರಿಯಲ್ಲಿ. ನೆತ್ತಿಯ ಚರ್ಮ ದಪ್ಪ, ರೆಪ್ಪೆಯದು ತೆಳು. ನಿಮ್ಮ ಪತ್ರದಲ್ಲಿ ರೆಪ್ಪೆಯ ಸುದ್ದಿಯಿಲ್ಲ, ಹಾಗಾಗಿ ಸದ್ಯಕ್ಕೆ ಕೆರಳಿಕೆ ಎಂದೇ ಹಿಡಿಯೋಣ.

ನೀವು ತಂದ ತಲೆಹೊಟ್ಟಿನ ಶಾಂಪೂವಿನಲ್ಲಿ ಕೀಟೋಕೊನಜೋಲ್ ಥರದ್ದೇನೋ ಇದ್ದಿರಬೇಕು. ಅದು ಮಲಸೀಜಿಯಾ ಎಂಬ ಶಿಲೀಂಧ್ರಕ್ಕೆ ಮದ್ದು. ಅದರ ಕಾಟವೇ ಇಲ್ಲದ ತಲೆಗೆ ಅದು ಇನ್ನೊಂದು ಕಿರಿಕಿರಿ, ಅಷ್ಟೆ. ಪುದೀನ ಎಣ್ಣೆಯಂತೂ ಬಿಟ್ಟೇಬಿಡಿ. ಅದರಲ್ಲಿರುವ ಮೆಂಥಾಲ್ ಚರ್ಮವನ್ನು ನಿಜವಾಗಿ ತಣ್ಣಗೆ ಮಾಡುವುದಿಲ್ಲ. ಚಳಿ ಗುರುತಿಸುವ ನರದ ತುದಿಗಳನ್ನು ಕೆಣಕಿ ಚಳಿಯಾದಂತೆ ನಂಬಿಸುತ್ತದೆ. ನಿಮ್ಮ ನರಗಳು ಮೊದಲೇ ಸಿಟ್ಟಿನಲ್ಲಿವೆ, ಅವನ್ನು ಮತ್ತೆ ಯಾಕೆ ಮಾತಾಡಿಸುತ್ತೀರಿ?

ಮೂರು ವಾರ ನೆತ್ತಿಗೆ ಉಪವಾಸ ಹಾಕಿ. ಸೀರಮ್, ಎಣ್ಣೆ, ಸ್ಪ್ರೇ, ಬಣ್ಣ ಎಲ್ಲ ಬಂದ್. ಸುಗಂಧವಿಲ್ಲದ ಒಂದೇ ಒಂದು ಶಾಂಪೂ ಸಾಕು. ‘ಪರಿಮಳವಿಲ್ಲ’ ಎಂದು ಬರೆದ ಕೆಲವದರಲ್ಲಿ ವಾಸನೆ ಮುಚ್ಚಲು ಬೇರೆ ಸುಗಂಧ ಸೇರಿಸಿರುತ್ತಾರೆ, ಆದ್ದರಿಂದ ಹಿಂಬದಿಯ ಪಟ್ಟಿ ಓದಿ. ನೀರು ಉಗುರುಬೆಚ್ಚಗಿರಲಿ. ಶಾಂಪೂವನ್ನು ನೇರ ನೆತ್ತಿಗೆ ಸುರಿಯದೆ ಅಂಗೈಯಲ್ಲಿ ನೀರು ಬೆರೆಸಿ, ಬೆರಳ ತುದಿಯ ಮೆತ್ತನೆ ಭಾಗದಿಂದ ಹಚ್ಚಿ, ಉಗುರು ತಾಗಬಾರದು. ನೊರೆ ಕಾಣದಾದ ಕೂಡಲೇ ನೀರು ನಿಲ್ಲಿಸುವುದು ನಮ್ಮೆಲ್ಲರ ಅಭ್ಯಾಸ. ಆಮೇಲೂ ನಿಧಾನಕ್ಕೆ ನೂರು ಎಣಿಸುವಷ್ಟು ಹೊತ್ತು ತೊಳೆಯಿರಿ, ಕಿವಿಯ ಹಿಂದೆ ಮತ್ತು ಹಿಂಗತ್ತಿನಲ್ಲಿ ವಿಶೇಷವಾಗಿ. ಕಂಡಿಷನರ್ ಕೂದಲಿನ ಉದ್ದಕ್ಕೆ ಮಾತ್ರ. ಡ್ರೈಯರ್ ಬೇಕೇಬೇಕೆಂದರೆ ಕಡಿಮೆ ಬಿಸಿಯಲ್ಲಿ, ದೂರದಿಂದ.

ಜುಟ್ಟಿನ ವಿಷಯ ನೀವೇ ಬರೆದಿದ್ದೀರಿ. ಕನ್ನಡಿ ಮುಂದೆ ಜುಟ್ಟು ಕಟ್ಟಿಕೊಂಡು ಹುಬ್ಬು ಮೇಲೆತ್ತಿ ನೋಡಿ. ಹಣೆಯ ಚರ್ಮ ಎಳೆದಂತಾದರೆ ಅಷ್ಟು ಬಿಗಿ ಬೇಡ.

ಮೂರು ವಾರದ ಮೇಲೆ ಹಳೆಯದರಲ್ಲಿ ಬೇಕೆನಿಸಿದ್ದನ್ನು ಒಂದೊಂದಾಗಿ, ನಡುವೆ ವಾರ ಬಿಟ್ಟು, ಮತ್ತೆ ಸೇರಿಸಿ ನೋಡಬಹುದು. ನಿದ್ದೆಗೆಟ್ಟ ದಿನ, ಬಿಸಿಲಲ್ಲಿ ತಿರುಗಿದ ದಿನ, ತಲೆಬಿಸಿಯ ದಿನ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡಿ. ಉರಿ ಅವುಗಳ ಬೆನ್ನಿಗೇ ಬರುತ್ತಿದೆಯೇ ತಿಳಿಯುತ್ತದೆ. ಆರು ವಾರಕ್ಕೂ ಇಳಿಯದಿದ್ದರೆ ಯಾವುದಕ್ಕೆ ಅಲರ್ಜಿ ಎಂದು ತಿಳಿಸುವ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ಗಂಟೆಯ ನಂತರ ತೆಗೆದು, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಯಾರೋ ಹೇಳಿದರೆಂದು ಸ್ಟೀರಾಯ್ಡ್ ಲೋಷನ್ ಮಾತ್ರ ಹಚ್ಚಬೇಡಿ.

ಪ್ರಶ್ನೆ: ಹತ್ತು ವರ್ಷದಿಂದ ಒಂದೇ ಹೇರ್ ಡೈ ಹಚ್ಚುತ್ತಿದ್ದೇನೆ, ಏನೂ ಆಗಿರಲಿಲ್ಲ. ಕಳೆದ ಸಲ ಎರಡನೇ ದಿನ ಕಿವಿಯ ಹಿಂದೆ ನೀರುಗುಳ್ಳೆ ಎದ್ದವು. ಅಮೋನಿಯಾ ಇಲ್ಲದ್ದಕ್ಕೆ ಬದಲಿಸಲೇ?

ಉತ್ತರ: ಬೇಡ. ಅಮೋನಿಯಾ ಮೂಗಿಗೆ ಘಾಟು, ಆದರೆ ಇಲ್ಲಿ ಕಳ್ಳ ಬಹುಶಃ ಪಿಪಿಡಿ. ಪೂರ್ತಿ ಹೆಸರು ಪ್ಯಾರಾಫಿನೈಲಿನ್‌ಡೈಅಮೀನ್. ಬಹುತೇಕ ಶಾಶ್ವತ ಕಪ್ಪು ಬಣ್ಣಗಳಲ್ಲಿ ಇದೋ ಇದರ ಸೋದರ ಸಂಬಂಧಿಯೋ ಇರುತ್ತದೆ. ಹತ್ತು ವರ್ಷ ಸುಮ್ಮನಿದ್ದ ದೇಹ ಹನ್ನೊಂದನೇ ವರ್ಷ ತಿರುಗಿಬೀಳಬಹುದು. ಡಬ್ಬದ ಮೇಲೆ ‘48 ಗಂಟೆ ಮೊದಲು ಪರೀಕ್ಷಿಸಿ’ ಎಂದು ಪ್ರತಿ ಸಲಕ್ಕೂ ಬರೆದಿರುವುದು ಅದಕ್ಕೇ.

ಬುದ್ಧಿ ಹೇಳುತ್ತಿದ್ದೇನೆ, ನಾನು ಮಾಡಿದ್ದೂ ಕೇಳಿ. ಚರ್ಮದ ಡಾಕ್ಟರಾಗಿ, ದಿನಕ್ಕೆ ನಾಲ್ಕು ಜನಕ್ಕೆ ಇದೇ ಪಾಠ ಒಪ್ಪಿಸುವವಳು, ಒಂದು ಸಮಾರಂಭಕ್ಕೆ ಹಿಂದಿನ ರಾತ್ರಿ ಪರೀಕ್ಷೆ ಇಲ್ಲದೆ ಬಣ್ಣ ಹಚ್ಚಿಕೊಂಡೆ. ಸಮಾರಂಭ ಸುಸೂತ್ರವಾಗಿ ಮುಗಿಯಿತು. ಮಾರನೇ ದಿನ ಎದ್ದರೆ ಎಡಗಣ್ಣು ತೆರೆಯಲೊಲ್ಲದು. ರೆಪ್ಪೆ ಬೋಂಡದಂತೆ ಊದಿತ್ತು, ಕೂದಲಂಚಿನಿಂದ ಹನಿಹನಿಯಾಗಿ ನೀರು ಜಿನುಗುತ್ತಿತ್ತು. ಈ ಪುಟದ ಫೋಟೋದಲ್ಲಿ ನನ್ನ ಕೂದಲು ಬೆಳ್ಳಗಿರುವುದಕ್ಕೆ ಕಾರಣ ಅದೇ. ನೀವೂ ಪ್ಯಾಚ್ ಟೆಸ್ಟ್ ಮಾಡಿಸಿ. ಪಿಪಿಡಿ ಎಂದು ಖಾತ್ರಿಯಾದರೆ ಜನ್ಮಪೂರ್ತಿ ದೂರವಿರಿ. ಮುಖ ಊದಿ ಉಸಿರಾಟಕ್ಕೆ ತೊಂದರೆಯಾದರೆ ನೇರ ಆಸ್ಪತ್ರೆಗೆ.

ಪ್ರಶ್ನೆ: ಸೂಕ್ಷ್ಮ ನೆತ್ತಿಗೆ ಮಕ್ಕಳ ಶಾಂಪೂ ಒಳ್ಳೆಯದೇ?

ಉತ್ತರ: ಕಣ್ಣು ಉರಿಸದಿರಲೆಂದು ಮಾಡಿದ್ದು ಅದು. ಕಣ್ಣೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 7ರ ಆಸುಪಾಸು, ನೆತ್ತಿಯದು ಸುಮಾರು 5.5. ಕಣ್ಣಿಗೆ ಹೊಂದಿದ್ದು ನೆತ್ತಿಗೂ ಹೊಂದಲೇಬೇಕೆಂದಿಲ್ಲ. ಒಗ್ಗಿದರೆ ಬಳಸಿ, ವ್ರತದಂತೆ ಹಿಡಿಯಬೇಕಿಲ್ಲ.

ಪ್ರಶ್ನೆ: ಅಮ್ಮನಿಗೆ 71. ಮೂರು ವಾರದಿಂದ ಬಲಗಡೆ ಕಣತಲೆಯ ಮೇಲೆ ಬಾಚಣಿಗೆ ತಾಗಿದರೂ ಕಿರುಚುತ್ತಾರೆ. ಊಟ ಅಗಿಯುವಾಗ ದವಡೆ ಸೋಲುತ್ತದಂತೆ. ಯಾವ ಎಣ್ಣೆ ಹಚ್ಚಲಿ?

ಉತ್ತರ: ಈ ಪತ್ರಕ್ಕೆ ಸಂಚಿಕೆ ಬರುವವರೆಗೆ ಕಾಯದೆ ಅಂದೇ ಫೋನ್ ಮಾಡಿದೆ, ಬೇರೆಯವರಿಗೂ ಗೊತ್ತಿರಲೆಂದು ಇಲ್ಲಿ ಹಾಕಿದ್ದೇನೆ. 50 ದಾಟಿದವರಲ್ಲಿ ಕಣತಲೆಯಲ್ಲಿ, ಅಂದರೆ ಕಣ್ಣು-ಕಿವಿಯ ನಡುವೆ, ಹೊಸದಾಗಿ ನೋವು, ಜತೆಗೆ ಅಗಿಯುವಾಗ ದವಡೆ ನೋವು ಬಂದರೆ ಅಲ್ಲಿಯ ರಕ್ತನಾಳ ಉರಿಯೂತಗೊಂಡಿರಬಹುದು. ತಡಮಾಡಿದರೆ ದೃಷ್ಟಿ ಹೋಗುವ ಅಪಾಯವಿದೆ, ಹೋದದ್ದು ಸಾಮಾನ್ಯವಾಗಿ ಮರಳುವುದಿಲ್ಲ. ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳಿವೆ. ಅನುಮಾನ ಬಲವಾಗಿದ್ದರೆ ರಕ್ತನಾಳದ ಚೂರು ತೆಗೆದು ನೋಡುವ ಬಯಾಪ್ಸಿಗೂ ಕಾಯದೆ ಸ್ಟೀರಾಯ್ಡ್ ಮಾತ್ರೆ ಶುರುಮಾಡುತ್ತಾರೆ. ಎಣ್ಣೆಯ ಮಾತು ಆಮೇಲೆ. ಇವತ್ತೇ ಕರೆದುಕೊಂಡು ಹೋಗಿ.