ಕಾಸರಗೋಡಿನ ಕೋರ್ಟಿನಲ್ಲಿ ಕನ್ನಡದ ಸಾಕ್ಷಿ

ಕೋರ್ಟಿನಲ್ಲಿ ದುಭಾಷಿಯಾಗಿ ನಿಲ್ಲುವವರಿಗೆ ಸರ್ಟಿಫಿಕೇಟ್ ಬೇಡವೇ ಎಂದು ಕೇಳಿದ್ದೀರಿ. ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ಅದಕ್ಕೆಂದೇ ಪರೀಕ್ಷೆ ಇದೆ. ನಮ್ಮ ಕಾನೂನು ಮುಖ್ಯವಾಗಿ ಕೇಳುವುದು ಪ್ರಮಾಣ. 1969ರ ಪ್ರಮಾಣ ಕಾಯ್ದೆಯ ಪ್ರಕಾರ ಸಾಕ್ಷಿಯ ಹಾಗೆ ದುಭಾಷಿಯೂ ಪ್ರಮಾಣ ಮಾಡಬೇಕು. ಕಾಯಂ ದುಭಾಷಿ ಕೆಲಸಕ್ಕೆ ಸೇರುವಾಗಲೇ ಮಾಡಿದ್ದರೆ ಮತ್ತೆ ಬೇಡ. ಬೇಕೆಂದೇ ತಪ್ಪು ಅರ್ಥ ಹೇಳಿದರೆ ಅದೂ ಸುಳ್ಳು ಸಾಕ್ಷಿ, 7 ವರ್ಷದವರೆಗೆ ಜೈಲು. ಆದರೆ ಮನುಷ್ಯ ಪ್ರಾಮಾಣಿಕ, ಭಾಷೆ ಅರೆಬರೆ ಅಂದರೆ? ನನ್ನ ತಕರಾರು ಅಲ್ಲೇ ಇರುವುದು.

ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಅದಕ್ಕೆ ಮೊದಲು ದಕ್ಷಿಣ ಕನ್ನಡದ ತಾಲೂಕು. ಈಗ ಕೋರ್ಟಿನ ದಾಖಲೆ ಇಂಗ್ಲಿಷ್ ಅಥವಾ ಮಲಯಾಳದಲ್ಲಿ. ಮಂಜೇಶ್ವರ ಕಡೆಯ ಅಜ್ಜಿಯೊಬ್ಬರು ಸಾಕ್ಷಿಗೆ ಬಂದರೆ ಅವರ ಮಾತು ತುಳುವೋ, ಕನ್ನಡವೋ, ಕೊಂಕಣಿಯೋ, ಬ್ಯಾರಿಯೋ. ಎರಡು ಮೂರು ಭಾಷೆ ಇಲ್ಲಿ ಎಲ್ಲರಿಗೂ ಬರುತ್ತದೆ, ಹಾಗಾಗಿ ಅರ್ಥ ಹೇಳುವವರಿಗೇನೂ ಬರ ಇಲ್ಲ. ಆದರೆ ಪೇಟೆ ವ್ಯವಹಾರಕ್ಕೆ ಸಾಕಾಗುವ ಕನ್ನಡ ಸಾಕ್ಷಿಕಟ್ಟೆಗೆ ಸಾಲುವುದಿಲ್ಲ.

ಅಜ್ಜಿ "ಅವನೇ ಹೊಡೆದನಂತೆ" ಅನ್ನುತ್ತಾರೆ ಎಂದಿಟ್ಟುಕೊಳ್ಳಿ. ದುಭಾಷಿ ಅವಸರದಲ್ಲಿ "ಅವನು ಹೊಡೆದ" ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಮುಗಿಯಿತು. ಕೇಳಿದ ಸುದ್ದಿ ಕಣ್ಣಾರೆ ಕಂಡದ್ದಾಯಿತು. ಆರೋಪಿಯ ವಕೀಲರಿಗೆ ಕನ್ನಡ ಬಂದರೆ ಎದ್ದು ನಿಲ್ಲುತ್ತಾರೆ. ಬಾರದಿದ್ದರೆ?

ಇದಕ್ಕೆ ಕಾನೂನಿನಲ್ಲಿ ಒಂದು ದಾರಿ ಇದೆ, ಜನರಿಗೆ ಗೊತ್ತಿರುವುದು ಕಡಿಮೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಕ್ರಿಮಿನಲ್ ಕೇಸು ಹೇಗೆ ನಡೆಸಬೇಕೆಂದು ಹೇಳುವ ಕಾನೂನು, ಅದರ 313ನೇ ಸೆಕ್ಷನ್. ವಾರಂಟ್ ಮತ್ತು ಸೆಷನ್ಸ್ ಕೇಸುಗಳಲ್ಲಿ, ಅಂದರೆ ಹೆಚ್ಚು ಶಿಕ್ಷೆಯ ಅಪರಾಧಗಳ ಕೇಸುಗಳಲ್ಲಿ, ಬರೆದುಕೊಂಡ ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಬೇಕು. ಆ ಭಾಷೆ ಅವರಿಗೆ ಬಾರದಿದ್ದರೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ತಪ್ಪಿದ್ದರೆ ತಿದ್ದಿಸಬಹುದು. ನಿಮ್ಮವರು ಯಾರಾದರೂ ಇಲ್ಲಿ ಸಾಕ್ಷಿ ಹೇಳುವುದಿದ್ದರೆ ಸುಮ್ನೆ ತಲೆಯಾಡಿಸಿ ಇಳಿಯಬೇಡಿ ಅನ್ನಿ. ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂದು ವಕೀಲರಿಗೆ ಮೊದಲೇ ತಿಳಿಸಿದರೆ ಇನ್ನೂ ಒಳ್ಳೆಯದು.

ಜಮೀನಿನ ಕೇಸಿನಲ್ಲಿ ಕಷ್ಟ ಇನ್ನೂ ಜಾಸ್ತಿ. ಹಳೆಯ ದಸ್ತಾವೇಜು ಕನ್ನಡದಲ್ಲಿದ್ದರೆ ಅದರ ತುಂಬ ವರ್ಗ, ಕುಮ್ಕಿ, ಮೂಲಗೇಣಿ. ವರ್ಗ ಅಂದರೆ ಕಂದಾಯ ಕಟ್ಟುವ ಸ್ವಂತ ಜಮೀನು, ಮೂಲಗೇಣಿ ಅಂದರೆ ಕಾಯಂ ಗೇಣಿ. ಕುಮ್ಕಿ ಅಂದರೆ ವರ್ಗ ಜಮೀನಿನಿಂದ 100 ಗಜದೊಳಗಿನ ಸರಕಾರಿ ಜಾಗ. ಅಲ್ಲಿ ಸೊಪ್ಪು, ಸೌದೆ ತೆಗೆಯಬಹುದು, ಜಾಗ ಮಾತ್ರ ನಮ್ಮದಲ್ಲ. ಕನ್ನಡದಲ್ಲಿ ಎಂ.ಎ. ಮಾಡಿದವರು ಕೂಡ ಇದನ್ನು ಸ್ವಂತ ಜಮೀನು ಎಂದು ಬರೆದುಬಿಡಬಹುದು, ಅಲ್ವಾ? ಹಾಗಾಗಿ ಇಲ್ಲಿ ಪರೀಕ್ಷೆ ಇಡುವುದಾದರೆ ಪ್ರಬಂಧ ಬರೆಸುವುದು ಬೇಡ. ಮೋಡಿ ಬರಹದಂತೆ ಕೂಡಿಸಿ ಗೀಚಿದ ಒಂದು ಮೂಲಗೇಣಿ ಪತ್ರ ಓದಿಸಲಿ, ತುಳು ಮಾತಾಡುವ ಒಬ್ಬರನ್ನು ಎದುರು ಕೂರಿಸಿ ಅವರ ಮಾತಿಗೆ ಅರ್ಥ ಹೇಳಿಸಲಿ.