ಬೀರುವಿನಲ್ಲಿ ಬೀಗ ಹಾಕಿಟ್ಟ ಕಾದಂಬರಿ

ಆಪ್ತಸಲಹೆಗಾರ್ತಿಯಾದ ನನ್ನ ಮೇಜಿನ ಮೇಲೆ ತಂದೆತಾಯಿಯರು ಪುಸ್ತಕವೊಂದನ್ನು ಇಟ್ಟು, "ನೋಡಿ ಮೇಡಂ, ಓದುವುದು ಬಿಟ್ಟು ಇದನ್ನು ಓದುತ್ತಾಳೆ" ಎನ್ನುವುದು ನನಗೆ ಹೊಸತಲ್ಲ. ಒಂದು ಪುಸ್ತಕ ರಸಾಯನಶಾಸ್ತ್ರದ ಗೈಡಿನೊಳಗೆ ಸಿಕ್ಕಿರುತ್ತದೆ, ಇನ್ನೊಂದು ದಿಂಬಿನ ಕೆಳಗೆ. ಹೆಚ್ಚಿನವು ಹದಿಹರೆಯದವರಿಗೆಂದೇ ಬರೆದ ಇಂಗ್ಲಿಷ್ ಕಾದಂಬರಿಗಳು. ಶಾಲೆ, ಗೆಳೆತನ, ಮೊದಲ ಪ್ರೀತಿ ಅವುಗಳ ವಸ್ತು. ಇಂಥ ಹಲವು ಪ್ರಕರಣಗಳ ನಡುವೆ ಈ ಒಂದನ್ನೇ ಬರೆಯಲು ಕಾರಣವಿದೆ. ಇದರಲ್ಲಿ ಕೇಳಬಾರದ ಪ್ರಶ್ನೆ ಕೇಳಿದವಳು ನಾನೇ. ತಾಯಿ, ಮಗಳು ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಹುಡುಗಿಯನ್ನು ಸಿಂಚನಾ ಎನ್ನೋಣ. ಪ್ರಥಮ ಪಿಯುಸಿ, ವಿಜ್ಞಾನ ವಿಭಾಗ. ತಂದೆ ಗುಮಾಸ್ತರು. ತಾಯಿ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರದ ಅಂಕ ಇಳಿದ ವಾರವೇ, ರಾತ್ರಿ ಹನ್ನೊಂದೂವರೆಗೆ ಅವಳ ಕೈಯಲ್ಲಿ ಕಾದಂಬರಿ ಕಂಡಿತು. ತಂದೆ ಅದನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಗಳು ಅಳಲಿಲ್ಲ, ಕೂಗಾಡಲಿಲ್ಲ. ಅಂದಿನಿಂದ ಅಪ್ಪನೊಂದಿಗೆ ಮಾತು ನಿಲ್ಲಿಸಿದಳು. ಹತ್ತನೆಯ ದಿನ ಮೂವರೂ ನನ್ನೆದುರು ಬಂದು ಕುಳಿತರು. ಮೊದಲ ಭೇಟಿಯಲ್ಲಿ ತಂದೆಯೇ ಮಾತನಾಡಿದರು. "ಯಾರನ್ನೋ ಇಷ್ಟಪಡುತ್ತಿದ್ದಾಳೆ, ಇಲ್ಲದಿದ್ದರೆ ಇಂಥದ್ದನ್ನು ಯಾಕೆ ಓದುತ್ತಾಳೆ?" ಎಂಬುದು ಅವರ ವಾದ. ಹಾಗೇನೂ ಇರಲಿಲ್ಲ. ಮಗಳೊಂದಿಗೆ ಒಬ್ಬಳೇ ಇದ್ದಾಗ ಮಾತನಾಡಿ ನನಗೆ ಅದು ಖಚಿತವಾಯಿತು.

ಪುಸ್ತಕ ಯಾವುದೆಂದು ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಜೆನ್ನಿ ಹಾನ್ ಬರೆದ 'ಟು ಆಲ್ ದ ಬಾಯ್ಸ್ ಐವ್ ಲವ್ಡ್ ಬಿಫೋರ್', 2014ರಲ್ಲಿ ಬಂದದ್ದು. ಅಮೆರಿಕದ ವರ್ಜೀನಿಯಾದಲ್ಲಿ ನಡೆಯುವ ಕಥೆ. ಲಾರಾ ಜೀನ್ ಎಂಬ ಹುಡುಗಿಗೆ ಒಬ್ಬ ಅಕ್ಕ, ಒಬ್ಬಳು ತಂಗಿ. ಕೊರಿಯನ್ ಮೂಲದ ತಾಯಿ ತೀರಿಕೊಂಡಿದ್ದಾಳೆ, ವೈದ್ಯನಾದ ತಂದೆ ಮೂವರನ್ನೂ ಸಾಕುತ್ತಿದ್ದಾನೆ. ತಾನು ಮನಸ್ಸಿನಲ್ಲೇ ಪ್ರೀತಿಸಿದ ಹುಡುಗರಿಗೆ ಲಾರಾ ಜೀನ್ ಪತ್ರ ಬರೆಯುತ್ತಾಳೆ, ಆದರೆ ಯಾರಿಗೂ ಕಳುಹಿಸುವುದಿಲ್ಲ. ಆ ಆಸೆಗೆ ವಿದಾಯ ಹೇಳಲೆಂದೇ ಬರೆದ ಪತ್ರಗಳವು. ಒಂದು ದಿನ ಅವೆಲ್ಲ ಅಂಚೆಗೆ ಬಿದ್ದು, ಯಾರ ಯಾರ ಕೈ ಸೇರಬಾರದೋ ಅವರ ಕೈಯನ್ನೇ ಸೇರುತ್ತವೆ. ಮಕ್ಕಳು ಓದುತ್ತಿರುವ ಪುಸ್ತಕವನ್ನು ನಾನೂ ಓದದೆ ಆಪ್ತಸಲಹೆಗೆ ಕೂರುವುದಿಲ್ಲ. ಹಾಗಾಗಿ ಎರಡನೆಯ ಭೇಟಿಯ ಹೊತ್ತಿಗೆ ಓದಿ ಮುಗಿಸಿದ್ದೆ.

ಆ ದಿನ ತಂದೆಗೆ ಕಚೇರಿಯಲ್ಲಿ ಲೆಕ್ಕಪರಿಶೋಧನೆ ಇತ್ತು. ತಾಯಿ, ಮಗಳು ಇಬ್ಬರೇ ಬಂದರು. ಕುಳಿತ ಕೂಡಲೇ ತಾಯಿ ಕೈಚೀಲದಿಂದ ಅದೇ ಪುಸ್ತಕವನ್ನು ತೆಗೆದರು. ಮಗಳು ಬೆಚ್ಚಿ ನೋಡಿದಳು. ಬೀರುವಿನ ಕೀಲಿ ತಾಯಿಯ ಬಳಿಯೂ ಇತ್ತು. ಗಂಡ ಮಲಗಿದ ಮೇಲೆ ಪುಸ್ತಕವನ್ನು ಹೊರತೆಗೆದು, ಹೊಲಿಗೆ ಯಂತ್ರದ ದೀಪದ ಕೆಳಗೆ, ಇಂಗ್ಲಿಷ್-ಕನ್ನಡ ನಿಘಂಟು ಇಟ್ಟುಕೊಂಡು ಆಕೆ ಓದುತ್ತಿದ್ದರು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಕಲಿತವರು. ಪುಟ ತೆರೆದರೆ ಸಾಲುಗಳ ಮೇಲೆಲ್ಲ ಪೆನ್ಸಿಲ್ಲಿನಲ್ಲಿ ಸಣ್ಣಗೆ ಬರೆದ ಕನ್ನಡದ ಅರ್ಥಗಳು. ಪತ್ರಗಳನ್ನು ತುಂಬಿಡುವ ಹ್ಯಾಟ್‌ಬಾಕ್ಸ್ ಎಂಬ ಪದದ ಮೇಲೆ 'ಟೋಪಿ ಇಡುವ ಡಬ್ಬಿ' ಎಂದಿತ್ತು. ಅದರ ಪಕ್ಕದಲ್ಲೇ ಇನ್ನೂ ಸಣ್ಣದಾಗಿ, 'ಅಮ್ಮ ಕೊಡಿಸಿದ್ದು'.

"ಹುಡುಗರ ವಿಷಯ ಇರಲಿ ಮೇಡಂ" ಎಂದರು ಆಕೆ. "ಇದರಲ್ಲಿ ಅಮ್ಮ ಇಲ್ಲ. ಸತ್ತುಹೋಗಿದ್ದಾಳೆ. ಅಮ್ಮನಿಲ್ಲದ ಮನೆಯ ಕಥೆಯನ್ನು ನನ್ನ ಮಗಳು ಮೂರು ಸಲ ಓದಿದ್ದಾಳೆ. ನಾನೇನು ಕಡಿಮೆ ಮಾಡಿದ್ದೇನೆ, ಕೇಳಿ ಹೇಳಿ."

ಪ್ರೀತಿ ಪ್ರೇಮದ ಬಗ್ಗೆ ತಾಯಿಗಿರುವ ಭಯಕ್ಕೆ ನಾನು ಸಿದ್ಧಳಾಗಿ ಕುಳಿತಿದ್ದೆ. ಈ ನೋವಿಗೆ ಸಿದ್ಧಳಾಗಿರಲಿಲ್ಲ. ಮಗಳ ಕಡೆ ತಿರುಗಿ, ನನ್ನ ವೃತ್ತಿಯಲ್ಲಿ ನೂರು ಸಲ ಕೇಳಿದ ಧಾಟಿಯಲ್ಲೇ ಕೇಳಿದೆ: "ಸಿಂಚನಾ, ಈ ಕಥೆಯಲ್ಲಿ ನಿನಗೆ ಯಾವುದು ಅಷ್ಟು ಹತ್ತಿರ ಅನ್ನಿಸುತ್ತದೆ? ಆ ಮನೆಯಲ್ಲಿ ಇರುವಂಥದ್ದು ನಿನ್ನ ಮನೆಯಲ್ಲಿ ಏನಿಲ್ಲ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಮೇಡಂ, ನನಗೆ ಏನೋ ಇಲ್ಲದೆ ಇದ್ದರೆ ಮಾತ್ರ ಒಂದು ಪುಸ್ತಕ ಇಷ್ಟವಾಗಬೇಕಾ? ಚೆನ್ನಾಗಿದೆ, ಅದಕ್ಕೇ ಓದಿದೆ. ಅವಳು ಕೇಕ್ ಮಾಡುತ್ತಾಳೆ, ಕಾರು ಓಡಿಸಲು ಹೆದರುತ್ತಾಳೆ, ತಂಗಿಯ ಜೊತೆ ಜಗಳವಾಡುತ್ತಾಳೆ. ಓದುವಾಗ ನಗು ಬರುತ್ತದೆ. ಅಪ್ಪ ಹುಡುಗ ಯಾರು ಎಂದು ಕೇಳಿದರು, ಅಮ್ಮ ಏನು ಕಡಿಮೆ ಎಂದು ಕೇಳುತ್ತಿದ್ದಾಳೆ, ನೀವೂ ಅದನ್ನೇ ಕೇಳಿದಿರಿ. ಕಥೆ ಏನು ಎಂದು ಯಾರೂ ಕೇಳಲಿಲ್ಲ."

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ತಂದೆ ಪುಸ್ತಕದಲ್ಲಿ ತಪ್ಪು ಹುಡುಕಿದರು. ನಾನು ಅದರಲ್ಲಿ ರೋಗಲಕ್ಷಣ ಹುಡುಕಿದೆ. ಮಗುವಿನ ಸಂತೋಷವನ್ನು ಸಂತೋಷವೆಂದು ಒಪ್ಪಲು ಇಬ್ಬರೂ ಸಿದ್ಧರಿರಲಿಲ್ಲ. ಅವಳಿಗೆ ಹಾಗೆಯೇ ಹೇಳಿದೆ: "ನೀನು ಹೇಳಿದ್ದು ಸರಿ. ನಾನು ಕೇಳಿದ ರೀತಿ ತಪ್ಪು. ಈಗ ಕಥೆ ಹೇಳು, ಅಮ್ಮನಿಗೆ ಹೇಳು." ತಾಯಿ ಓದಿ ನಿಲ್ಲಿಸಿದ್ದ ಪುಟದಿಂದ ಮುಂದಕ್ಕೆ ಅವಳು ಹೇಳತೊಡಗಿದಳು. ಪತ್ರಗಳು ಹೊರಬಿದ್ದ ಮೇಲೆ ಲಾರಾ ಜೀನ್ ಮತ್ತು ಪೀಟರ್ ಎಂಬ ಹುಡುಗ ಪ್ರೇಮಿಗಳಂತೆ ನಟಿಸಲು ಒಪ್ಪಂದ ಬರೆದುಕೊಳ್ಳುತ್ತಾರೆ ಎಂದಾಗ ತಾಯಿ, "ಕಾಗದದಲ್ಲಿ ಬರೆದುಕೊಳ್ಳುತ್ತಾರಾ? ಸಹಿ ಹಾಕಿ?" ಎಂದು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಇಪ್ಪತ್ತು ನಿಮಿಷ ನಾನು ಬಾಯಿ ತೆರೆಯಲಿಲ್ಲ.

ನಡುವೆ ತಾಯಿ ತಾವಾಗಿಯೇ ಒಂದು ವಿಷಯ ಹೇಳಿದರು. ಮದುವೆಗೆ ಮುಂಚೆ ಅವರು ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಕಿತ್ತು, ಸೂಜಿ ದಾರದಿಂದ ಹೊಲಿದು ಪುಸ್ತಕ ಮಾಡಿಟ್ಟುಕೊಳ್ಳುತ್ತಿದ್ದರಂತೆ. ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನು ದಿನಕ್ಕಿಷ್ಟು ಬಾಡಿಗೆ ಕೊಟ್ಟು ತಂದು ಓದಿದ್ದರಂತೆ. "ನನ್ನ ಅಪ್ಪ ಆ ಹೊಲಿದ ಪುಸ್ತಕಗಳನ್ನು ಬಚ್ಚಲ ಒಲೆಗೆ ಹಾಕಿದರು" ಎಂದರು. ಮಗಳು ಅದನ್ನು ಮೊದಲ ಸಲ ಕೇಳುತ್ತಿದ್ದಳು. ಏನೂ ಹೇಳಲಿಲ್ಲ. ಮೇಜಿನ ಮೇಲಿದ್ದ ಪುಸ್ತಕವನ್ನು ತಾಯಿಯ ಕಡೆಗೆ ಸರಿಸಿದಳು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಪುಸ್ತಕವನ್ನು ಕಿತ್ತುಕೊಂಡವರು ತಂದೆ, ಆದ್ದರಿಂದ ಅವರೇ ಅದನ್ನು ಮಗಳ ಕೈಗೆ ಹಿಂದಿರುಗಿಸಬೇಕು. ತಾಯಿ ಓದುವುದನ್ನು ಮುಂದುವರಿಸಬೇಕು, ಆದರೆ ಕದ್ದು ಬೇಡ. ಅರ್ಥವಾಗದ ಪದವನ್ನು ನಿಘಂಟಿಗಿಂತ ಮೊದಲು ಮಗಳನ್ನು ಕೇಳಬೇಕು. 'ಇದರಿಂದ ಏನು ಕಲಿತೆ' ಎಂದು ಯಾರೂ ಕೇಳಬಾರದು. ಓದಿಗೂ ನಿದ್ದೆಗೂ ಹೊತ್ತು ಹೊಂದಿಸುವುದು ಮಗಳ ಜವಾಬ್ದಾರಿ. ಗಂಟೆ ಎಷ್ಟೆಂದು ಅವಳೇ ಹೇಳಲಿ ಎಂದೆ. ಹತ್ತೂವರೆಗೆ ದೀಪ ಆರಿಸುತ್ತೇನೆ ಎಂದಳು. ಭೌತಶಾಸ್ತ್ರದ ಅಂಕ ಇಳಿದದ್ದಕ್ಕೆ ಕಾರಣ ಬೇರೆಯೇ ಇತ್ತು. ಹೊಸ ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ ವೇಗವಾಗಿ ಓಡುತ್ತಿತ್ತು, ಕೇಳಲು ಅವಳಿಗೆ ಸಂಕೋಚ. ಅದಕ್ಕೆ ಉಪನ್ಯಾಸಕರೊಬ್ಬರ ಜೊತೆ ಮಾತನಾಡುವ ಏರ್ಪಾಡಾಯಿತು.

ಈ ಸಲಹೆ ಸಡಿಲವಾಯಿತು ಎಂದು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಹೇಳಿದರು. ಹದಿನಾರರ ಹುಡುಗಿ ಪ್ರೇಮಕಥೆ ಓದಿದರೆ ಮನಸ್ಸು ಅತ್ತ ಹರಿಯುವುದಿಲ್ಲವೇ ಎಂಬುದು ಅವರ ಪ್ರಶ್ನೆ. ಹದಿನಾರರಲ್ಲಿ ಮನಸ್ಸು ಅತ್ತ ಹರಿಯಲು ಪುಸ್ತಕ ಬೇಕಾಗಿಲ್ಲ. ಈ ಕಾದಂಬರಿಯಲ್ಲಿ ನಾಯಕಿಯ ಬಗ್ಗೆ ಶಾಲೆಯಲ್ಲಿ ಸುಳ್ಳು ಸುದ್ದಿ ಹಬ್ಬುತ್ತದೆ, ಅವಳು ಕುಗ್ಗುತ್ತಾಳೆ, ಅಕ್ಕನೊಂದಿಗೆ ಮನಸ್ತಾಪವಾಗುತ್ತದೆ, ಮತ್ತೆ ಮನೆಯವರೇ ಒದಗಿಬರುತ್ತಾರೆ. ಇದನ್ನೆಲ್ಲ ಓದಿಕೊಂಡ ಹುಡುಗಿ ಓದದವಳಿಗಿಂತ ಹೆಚ್ಚು ಅಪಾಯದಲ್ಲಿದ್ದಾಳೆ ಎಂದು ನಾನು ಒಪ್ಪಲಾರೆ. ಆದರೆ ಹೀಗೆ ವಾದಿಸುವಾಗ ನಾನೂ ಪುಸ್ತಕಕ್ಕೆ ಒಂದು ಉಪಯೋಗ ಹಚ್ಚುತ್ತಿದ್ದೇನೆ. ಅದು ನನಗೆ ಬೇಡ. ಆ ಪುಸ್ತಕ ಅವಳಿಗೆ ಏನನ್ನೂ ಕಲಿಸದಿದ್ದರೂ ನನ್ನ ಸಲಹೆ ಇದೇ ಆಗಿರುತ್ತಿತ್ತು. ಬೆಳಗ್ಗೆ ಆರರಿಂದ ರಾತ್ರಿಯವರೆಗೆ ಟ್ಯೂಷನ್, ಕಾಲೇಜು, ಸಿಇಟಿ ತಯಾರಿ ಎಂದು ದಿನವಿಡೀ ಒಂದಲ್ಲ ಒಂದು ಲೆಕ್ಕಕ್ಕೆ ಸಿಕ್ಕಿಕೊಂಡ ಮಗುವಿಗೆ, ಯಾವ ಲೆಕ್ಕಕ್ಕೂ ಬಾರದ ಒಂದು ಗಂಟೆ ಇರಲಿ.

ಚಿಂತಿಸಬೇಕಾದ ಸಂದರ್ಭಗಳೂ ಇವೆ. ವಾರಗಟ್ಟಲೆ ನಿದ್ದೆ, ಊಟ ಕೆಡುವುದು, ಇದ್ದ ಗೆಳತಿಯರನ್ನೆಲ್ಲ ಬಿಡುವುದು, ಮೊಬೈಲಿನಲ್ಲಿ ಯಾರೋ ಫೋಟೊ ಕಳುಹಿಸು ಎಂದು ಪೀಡಿಸುತ್ತಿರುವುದು, ಬದುಕು ಸಾಕು ಎಂಬ ಮಾತು. ಆಗ ಪುಸ್ತಕ ಕಿತ್ತುಕೊಂಡರೆ ಪ್ರಯೋಜನವಿಲ್ಲ, ಕೂಡಲೇ ನೆರವು ಪಡೆಯಬೇಕು. ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ರಕ್ಷಣೆಗೆ 1098 ಇದೆ. ಸಿಂಚನಾಳಲ್ಲಿ ಇವು ಯಾವುದೂ ಇರಲಿಲ್ಲ.

ತಂದೆ ಪುಸ್ತಕವನ್ನು ಹಿಂದಿರುಗಿಸಿದರು. ಕೈಗೆ ಕೊಡಲಿಲ್ಲ, ಊಟದ ತಟ್ಟೆಯ ಪಕ್ಕದಲ್ಲಿಟ್ಟು ಕೈ ತೊಳೆಯಲು ಹೋದರಂತೆ. ಇಂಥ ಪುಸ್ತಕದಿಂದ ಸಮಯ ಹಾಳು ಎಂಬ ಅಭಿಪ್ರಾಯವನ್ನು ಅವರು ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಒತ್ತಾಯಿಸಲಿಲ್ಲ. ಮಗಳು ಅವರೊಂದಿಗೆ ಮಾತನಾಡುತ್ತಿದ್ದಾಳೆ.

ಎರಡು ತಿಂಗಳ ಮೇಲೆ ತಾಯಿ ಫೋನ್ ಮಾಡಿದರು. ಕೊನೆಯ ಭೇಟಿಯ ದಿನ ಬದಲಿಸಬೇಕಿತ್ತು. ಅದನ್ನು ಹೇಳಿ ಮುಗಿಸಿದ ಮೇಲೂ ಫೋನ್ ಇಡಲಿಲ್ಲ. "ಮೇಡಂ, ನಿನ್ನೆ ರಾತ್ರಿ ಮುಗಿಸಿದೆ. ಪತ್ರಗಳನ್ನೆಲ್ಲ ಅಂಚೆಗೆ ಹಾಕಿದವಳು ಆ ಕಿರಿಯವಳೇ! ಅವಳ ಕಿವಿ ಹಿಂಡಬೇಕಿತ್ತು ಎಂದರೆ ಇವಳು ಒಪ್ಪುವುದೇ ಇಲ್ಲ. ನೀವೇ ಹೇಳಿ, ಅವಳು ಮಾಡಿದ್ದು ತಪ್ಪಲ್ಲವಾ?" ಹಿಂದಿನಿಂದ ಮಗಳು ಏನೋ ಕೂಗಿ ವಾದಿಸುತ್ತಿದ್ದುದು ಕೇಳಿಸುತ್ತಿತ್ತು.