ಸಂಗೀತ ಕಲಿತರೆ ಮಕ್ಕಳಿಗೆ ಲೆಕ್ಕ ಬರುತ್ತಾ?

ಆರು ವರ್ಷದ ಮಗಳನ್ನು ಸಂಗೀತಕ್ಕೆ ಸೇರಿಸಿದರೆ ಲೆಕ್ಕದಲ್ಲಿ ಚುರುಕಾಗುತ್ತಾಳಂತೆ, ನಿಜವಾ ಎಂದು ಕೇಳಿದ್ದೀರಿ. ನಾನು ಮನೆಯಲ್ಲೇ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಹೌದು, ನಾಳೆಯೇ ಸೇರಿಸಿ ಎಂದರೆ ನನ್ನಂಥವರಿಗೇ ಲಾಭ. ಆದರೂ ಮಾರ್ಕ್ಸ್ ಆಸೆಗೆ ಸೇರಿಸಬೇಡಿ.

ಸಂಗೀತ ಕೇಳಿದರೆ ಬುದ್ಧಿ ಹೆಚ್ಚುತ್ತದೆ ಎಂಬ ಮಾತು ಜೋರಾಗಿ ಹಬ್ಬಿದ್ದು 1993ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದ ನಂತರ. ಹತ್ತು ನಿಮಿಷ ಯುರೋಪಿನ ಸಂಗೀತಗಾರ ಮೊಜಾರ್ಟ್‌ನ ಸಂಗೀತ ಕೇಳಿದವರು ಆಕಾರ ಊಹಿಸುವ ಪರೀಕ್ಷೆಯಲ್ಲಿ ಸ್ವಲ್ಪ ಮುಂದಿದ್ದರು. ಅದೂ ಹತ್ತು-ಹದಿನೈದು ನಿಮಿಷದ ಮಾತು. ಅವರೆಲ್ಲ ಕಾಲೇಜು ವಿದ್ಯಾರ್ಥಿಗಳು. ಇದನ್ನು ನೆಚ್ಚಿಕೊಂಡು 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಕೂಸಿಗೂ ಸಿಡಿ ಹಂಚಲು ಹೊರಟರು!

ಸುಮ್ನೆ ಕೇಳುವುದು ಬೇರೆ, ಕೂತು ಕಲಿಯುವುದು ಬೇರೆ. ಸ್ವರಗಳ ಮೊದಲ ಪಾಠವಾದ ಸರಳೆ ವರಸೆಯಲ್ಲಿ ಮೊದಲನೆಯದನ್ನೇ ನೋಡಿ. ಆದಿ ತಾಳಕ್ಕೆ ಒಂದು ತಟ್ಟು, ಕಿರುಬೆರಳಿನಿಂದ ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ತಟ್ಟಿ ಮಗುಚುವುದು. ಒಟ್ಟು 8 ಎಣಿಕೆ. ಒಂದನೇ ಕಾಲದಲ್ಲಿ, ಅಂದರೆ ನಿಧಾನ ವೇಗದಲ್ಲಿ, ಎಣಿಕೆಗೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಬಾಯಿ ಓಡಬೇಕು, ಕೈ ಮಾತ್ರ ಇದ್ದ ವೇಗದಲ್ಲೇ ಇರಬೇಕು. ಬಹುತೇಕ ಮಕ್ಕಳ ಕೈಯೂ ಬಾಯಿಯ ಜೊತೆ ಓಟ ಕೀಳುತ್ತದೆ. ಇನ್ನೊಂದು ತಮಾಷೆ ಇದೆ. ಏರಿ ಇಳಿಯುವ 16 ಸ್ವರ ಮೂರನೇ ಕಾಲದಲ್ಲಿ ನಾಲ್ಕೇ ಎಣಿಕೆಗೆ ಮುಗಿದುಹೋಗುತ್ತದೆ, ತಾಳ ಇನ್ನೂ ಅರ್ಧ ಉಳಿದಿರುತ್ತದೆ. 'ಈಗೇನು ಮಾಡೋದು?' ಎಂದು ಕೇಳಿದರೆ ಕೆಲವು ಮಕ್ಕಳು ತಾವೇ ಹೇಳುತ್ತಾರೆ, 'ಇನ್ನೊಂದ್ಸಲ ಹಾಡೋದು ಮಿಸ್.' ಅರ್ಧ, ಕಾಲು ಎನ್ನುವುದು ಪುಸ್ತಕಕ್ಕೆ ಮೊದಲೇ ಬೆರಳಿಗೆ ಬಂದಿರುತ್ತದೆ. ಇದರಿಂದ ಶಾಲೆಯ ಪರೀಕ್ಷೆಯಲ್ಲಿ ಅಂಕ ಏರುತ್ತದೆ ಎಂದು ನಾನು ಗ್ಯಾರಂಟಿ ಕೊಡಲಾರೆ.

ನನಗೆ ಅದಕ್ಕಿಂತ ಜಾಸ್ತಿ ಕಾಣುವುದು ಕಿವಿಯ ಕೆಲಸ. ಶ್ರುತಿಗೆ, ಅಂದರೆ ಹಾಡಿನ ಹಿಂದೆ ಸದಾ ಕೇಳುವ ಆಧಾರ ಸ್ವರಕ್ಕೆ, ಸೇರಲು ಮಗು ಮೊದಲು ಸುಮ್ಮನಿದ್ದು ಕೇಳಲೇಬೇಕು. ಇಂಗ್ಲಿಷ್ ಮೀಡಿಯಂ ಮಕ್ಕಳ ನ-ಣ, ಲ-ಳ ಉಚ್ಚಾರಣೆ, ಮಾತುಗಳಿರುವ ಗೀತೆಗಳ ಪಾಠಕ್ಕೆ ಬರುವಷ್ಟರಲ್ಲಿ ಸುಮಾರಾಗಿ ಸರಿಹೋಗುತ್ತದೆ. ಹಾಡಿನಿಂದ ಕಲಿಸುವುದು ನಮ್ಮ ಶಾಲೆಗಳಿಗೆ ಹೊಸದೇನಲ್ಲ. 'ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು' ಎಂದು ಮಗ್ಗಿಯನ್ನು ರಾಗವಾಗಿಯೇ ಹೇಳಿದವರಲ್ವಾ ನಾವೆಲ್ಲ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಆಡುತ್ತಾ ಕಲಿಸುವ ನಲಿ-ಕಲಿ ಪದ್ಧತಿಯಲ್ಲೂ ಹಾಡಿಗೆ ಜಾಗ ಇದೆ.

ಸೇರಿಸುವುದಾದರೆ, ಭಾನುವಾರ ಒಂದು ಗಂಟೆ ಕೂರಿಸುವ ಬದಲು ದಿನಾ ಹದಿನೈದು ನಿಮಿಷ ಹಾಡಿಸಿ. ಸ್ಟೇಜು, ಸ್ಪರ್ಧೆ ಸದ್ಯಕ್ಕೆ ಬೇಡವೇ ಬೇಡ. ಶ್ರುತಿ ಪೆಟ್ಟಿಗೆಗೆ ಈಗಲೇ ದುಡ್ಡು ಹಾಕಬೇಡಿ, ಫೋನಿನಲ್ಲಿ ತಂಬೂರಿ ಆ್ಯಪ್ ಸಾಕು. ಅದರಲ್ಲಿ ಶ್ರುತಿಯನ್ನು ಐದು ಅಥವಾ ಐದೂವರೆ ಮನೆಯಲ್ಲಿ (ಮನೆ ಎಂದರೆ ಶ್ರುತಿಯ ಎತ್ತರದ ಅಳತೆ) ಇಟ್ಟು ನೋಡಿ. ಮೇಲಿನ ಸ ಹಾಡುವಾಗ ಕತ್ತಿನ ನರ ಎದ್ದರೆ ಅರ್ಧ ಮನೆ ಇಳಿಸಿ.